ಓದುಗರ ಪ್ರಶ್ನೆ: ಜೈವಿಕ ಮಾನವಶಾಸ್ತ್ರದ ಆನರ್ಸ್ ವರ್ಷಕ್ಕೆ ಸಿದ್ಧತೆ

ಪ್ರಶ್ನೆ: ನಾನು ಬದಿಯಡ್ಕದ ಸಮೀಪದವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು, ಈಗ ದೂರದ ವಿಶ್ವವಿದ್ಯಾಲಯವೊಂದರಲ್ಲಿ ಮಾನವಶಾಸ್ತ್ರ ಪದವಿಯ ಮೂರನೆಯ ವರ್ಷವನ್ನು ಮುಗಿಸುತ್ತಿದ್ದೇನೆ. ನಾಲ್ಕನೆಯ ವರ್ಷ ಜೈವಿಕ ಮಾನವಶಾಸ್ತ್ರದಲ್ಲಿ ಸಂಶೋಧನೆಯೊಂದಿಗೆ ಆನರ್ಸ್ ಮಾಡಬೇಕೆಂದಿದೆ. ಶಿಲಾಯುಗದ ಸಮಾಧಿಗಳ ಎಲುಬುಗಳು, ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತವಾದ ಕುಟುಂಬಗಳು, ಶಾಲಾಮಕ್ಕಳ ಬೆಳವಣಿಗೆ ಎಂಬ ಮೂರು ವಿಷಯಗಳು ಮನಸ್ಸಿನಲ್ಲಿವೆ. ರಜೆಯ ಎರಡು ತಿಂಗಳು ಊರಿನಲ್ಲಿರುತ್ತೇನೆ. ಏನನ್ನು ಓದಲಿ?
– ವಿದ್ಯಾರ್ಥಿನಿ, ಕಾಸರಗೋಡು ಜಿಲ್ಲೆ

ಉತ್ತರ: ಏನನ್ನು ಅಳೆಯಲಿ ಎಂದು ಕೇಳಿದ್ದರೆ ನನಗೆ ಇನ್ನೂ ಸಂತೋಷವಾಗುತ್ತಿತ್ತು. ಅದಕ್ಕೆ ಮೊದಲು ಒಂದು ನಿಯಮವನ್ನು ನೋಡಿಕೊಳ್ಳಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಚೌಕಟ್ಟಿನಂತೆ ಸಂಶೋಧನೆಯೊಂದಿಗಿನ ಆನರ್ಸ್‌ಗೆ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕಗಳಿರಬೇಕು, ಪ್ರಬಂಧಕ್ಕೆ 12 ಕ್ರೆಡಿಟ್‌ಗಳಿರುತ್ತವೆ. ಅಂಕ ಕಡಿಮೆಯಾದರೆ ಸಾಮಾನ್ಯ ಆನರ್ಸ್ ಇದ್ದೇ ಇದೆ.

ವಿಷಯದ ಆಯ್ಕೆಗೆ ಬರೋಣ. ನೀವು ಶಿಲಾಯುಗದವೆಂದು ಬರೆದಿರುವ, ನಮ್ಮ ಜಿಲ್ಲೆಯ ಟೋಪಿಕಲ್ಲುಗಳೂ (ಟೋಪಿಯಾಕಾರದ ಸಮಾಧಿ ಕಲ್ಲುಗಳು) ಮುರಕಲ್ಲಿನಲ್ಲಿ ಕೊರೆದ ಗುಹಾಸಮಾಧಿಗಳೂ ಬೃಹತ್ ಶಿಲಾ ಸಂಸ್ಕೃತಿಗೆ, ಅಂದರೆ ಬಹುಮಟ್ಟಿಗೆ ಕಬ್ಬಿಣ ಯುಗಕ್ಕೆ ಸೇರಿದವು. ಈ ವ್ಯತ್ಯಾಸವನ್ನು ಮಾರ್ಗದರ್ಶಕರು ಮೊದಲ ಭೇಟಿಯಲ್ಲೇ ತಿದ್ದುತ್ತಾರೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ನಮ್ಮ ಕೆಂಪುಮಣ್ಣು ಆಮ್ಲೀಯವಾಗಿರುವುದರಿಂದಲೂ ವರ್ಷವರ್ಷವೂ ಸುರಿಯುವ ಮಳೆ ಅದರೊಳಗೆ ಇಳಿಯುವುದರಿಂದಲೂ ಎಲುಬಿನ ಖನಿಜಾಂಶ ಕರಗಿಹೋಗುತ್ತದೆ. ಇಂತಹ ಸಮಾಧಿಗಳಲ್ಲಿ ಮಡಕೆಗಳೂ ಕಬ್ಬಿಣದ ಆಯುಧಗಳೂ ಸಿಗುತ್ತವೆಯೇ ಹೊರತು ಅಳೆಯಬಹುದಾದ ಅಸ್ಥಿ ಸಿಗುವುದು ವಿರಳ. ಅಸ್ಥಿಶಾಸ್ತ್ರದಲ್ಲಿಯೇ ಆಸಕ್ತಿಯಿದ್ದರೆ ವಿಭಾಗದ ಪ್ರಯೋಗಾಲಯದಲ್ಲಿರುವ ಎಲುಬುಗಳ ಮೇಲೆ ಕೆಲಸ ಮಾಡುವುದು ಮೇಲು.

ಎಂಡೋಸಲ್ಫಾನ್ ವಿಷಯದಲ್ಲಿ ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ ಆ ವಿಷದ ಬಳಕೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ನಿಷೇಧಿಸಿತು. ಆದರೆ ಸಿಂಪಡಣೆ ನಿಂತು ಇಷ್ಟು ವರ್ಷಗಳಾದ ಮೇಲೆ, ಯಾರಿಗೆ ಎಷ್ಟು ವಿಷ ತಗುಲಿತ್ತೆಂಬುದನ್ನು ಅಳತೆಪಟ್ಟಿಯಿಂದ ಕಂಡುಹಿಡಿಯಲಾಗದು. ಕಾರಣವನ್ನು ಸಾಧಿಸಿ ತೋರಿಸುವುದು ಒಂದು ವರ್ಷದ ವಿದ್ಯಾರ್ಥಿ ಪ್ರಬಂಧಕ್ಕೆ ನಿಲುಕುವ ಕೆಲಸವೂ ಅಲ್ಲ. ಪ್ರಶ್ನಾವಳಿ ಹಿಡಿದು ಬಂದವರಿಗೆ ಉತ್ತರಿಸಿ ದಣಿದಿರುವ ಮನೆಗಳಿಗೆ ಇನ್ನೊಂದು ಪ್ರಶ್ನಾವಳಿಯೊಂದಿಗೆ ಹೋಗುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.

ಉಳಿದದ್ದು ಮಕ್ಕಳ ಬೆಳವಣಿಗೆ. ನನ್ನ ಮತ ಇದಕ್ಕೇ. ವಿಶ್ವ ಆರೋಗ್ಯ ಸಂಸ್ಥೆಯು 5ರಿಂದ 19 ವರ್ಷದವರಿಗಾಗಿ 2007ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಕೋಷ್ಟಕಗಳು ಎಲ್ಲರಿಗೂ ದೊರೆಯುತ್ತವೆ. ನಿಮ್ಮ ಅಳತೆಗಳನ್ನು ಅವುಗಳೊಂದಿಗೆ ಹೋಲಿಸಬಹುದು. 'ಕಾಸರಗೋಡಿನ ಮಕ್ಕಳ ಬೆಳವಣಿಗೆ' ಎಂಬಷ್ಟು ವಿಶಾಲವಾಗಿ ವಿಷಯವನ್ನು ಇಡಬೇಡಿ. ಒಂದೇ ಪಂಚಾಯತಿನ ಎರಡು ಶಾಲೆಗಳ ಹತ್ತರಿಂದ ಹದಿಮೂರರ ಹೆಣ್ಣುಮಕ್ಕಳು ಎಂಬಷ್ಟು ಕಿರಿದಾದರೆ ಮುಗಿಸಬಲ್ಲಿರಿ. ಜೂನ್, ಜುಲೈ ತಿಂಗಳುಗಳಲ್ಲಿ ಮಳೆಗೆ ಯಾವ ದಿನ ರಜೆ ಘೋಷಿಸುತ್ತಾರೆಂದು ಹೇಳಲಾಗದ್ದರಿಂದ ಶಾಲಾಭೇಟಿಗಳನ್ನು ಓಣಂ ರಜೆಯ ನಂತರಕ್ಕೆ ಇಟ್ಟುಕೊಳ್ಳಿ.

ಈಗ ಅಳತೆ. ರಜೆಯಲ್ಲಿ ಶಾಲೆಗಳು ಮುಚ್ಚಿರುತ್ತವೆ. ಆದ್ದರಿಂದ ಮನೆಯವರನ್ನೂ ನೆರೆಯವರನ್ನೂ ಒಪ್ಪಿಸಿ ಇಪ್ಪತ್ತು ಮಂದಿಯ ಎತ್ತರ, ಕುಳಿತ ಎತ್ತರ ಮತ್ತು ತೋಳಿನ ಸುತ್ತಳತೆಗಳನ್ನು ಅಳೆಯಿರಿ. ಕಣ್ಣುಗುಳಿಯ ಕೆಳ ಅಂಚೂ ಕಿವಿಯ ರಂಧ್ರದ ಮೇಲಂಚೂ ಒಂದೇ ಸಮತಲದಲ್ಲಿ ಬರುವಂತೆ ತಲೆಯನ್ನು ನಿಲ್ಲಿಸಬೇಕು. 1884ರಲ್ಲಿ ಒಪ್ಪಿದ ಈ ಫ್ರಾಂಕ್‌ಫರ್ಟ್ ಸಮತಲವನ್ನು ಪಠ್ಯದಲ್ಲಿ ಓದಿದವರು ಸಹ, ಅಜ್ಜಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದಾಗ, ಗಲ್ಲ ಮೇಲೆದ್ದಿರುವುದನ್ನು ಗಮನಿಸುವುದಿಲ್ಲ. ಮರುದಿನ ಅದೇ ಹೊತ್ತಿಗೆ, ಹಿಂದಿನ ದಿನದ ಅಂಕಿಗಳನ್ನು ನೋಡದೆ, ಅವರನ್ನೇ ಮತ್ತೆ ಅಳೆಯಿರಿ. ಅದೇ ಹೊತ್ತು ಏಕೆಂದರೆ, ಬೆನ್ನುಮೂಳೆಗಳ ನಡುವಿನ ಮೆತ್ತೆಗಳು ದಿನವಿಡೀ ಭಾರ ಹೊತ್ತು ಒತ್ತಿಕೊಳ್ಳುವುದರಿಂದ ಸಂಜೆಗೆ ಮನುಷ್ಯ ಸುಮಾರು 1 ಸೆಂಟಿಮೀಟರ್ ಗಿಡ್ಡಾಗುತ್ತಾನೆ. ಪ್ರತಿಯೊಬ್ಬರ ಎರಡು ಅಳತೆಗಳ ವ್ಯತ್ಯಾಸವನ್ನು ವರ್ಗ ಮಾಡಿ, ಎಲ್ಲವನ್ನೂ ಕೂಡಿ, ಜನರ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ ವರ್ಗಮೂಲ ತೆಗೆದರೆ ನಿಮ್ಮ ಕೈಯ ತಾಂತ್ರಿಕ ದೋಷ, ಅಂದರೆ ಅದೇ ಅಳತೆಯನ್ನು ಮತ್ತೆ ತೆಗೆದಾಗ ನಿಮ್ಮಿಂದ ಬರುವ ವ್ಯತ್ಯಾಸದ ಪ್ರಮಾಣ ಸಿಗುತ್ತದೆ. ಈ ಅಂಕಿಯನ್ನು ಮೊದಲ ಭೇಟಿಯಲ್ಲೇ ಮಾರ್ಗದರ್ಶಕರ ಮುಂದಿಟ್ಟ ವಿದ್ಯಾರ್ಥಿಗೆ ಉಪಕರಣಗಳನ್ನು ಕೊಡಲು ಯಾರೂ ಹಿಂಜರಿಯಲಾರರು.

ಒಪ್ಪಿಗೆಪತ್ರದ ಕೆಲಸವನ್ನೂ ರಜೆಯಲ್ಲೇ ಆರಂಭಿಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಮಕ್ಕಳ ಅಧ್ಯಯನಕ್ಕೆ ಹೆತ್ತವರ ಒಪ್ಪಿಗೆ ಬೇಕು. ಜೊತೆಗೆ ಏಳರಿಂದ ಹನ್ನೆರಡರವರೆಗಿನ ಮಕ್ಕಳ ಬಾಯಿಮಾತಿನ ಸಮ್ಮತಿ, ಅದಕ್ಕೂ ದೊಡ್ಡವರಾದರೆ ಲಿಖಿತ ಸಮ್ಮತಿ ಬೇಕು. ನೈತಿಕ ಸಮಿತಿ ಒಪ್ಪುವ ಮೊದಲು ಒಂದು ಮಗುವನ್ನೂ ಪ್ರಬಂಧಕ್ಕಾಗಿ ಅಳೆಯುವಂತಿಲ್ಲ. ಕನ್ನಡ, ಮಲಯಾಳ, ತುಳು, ಕೊಂಕಣಿ, ಮರಾಠಿಗಳೆಲ್ಲ ಬೆರೆತಿರುವ ನಮ್ಮ ಊರಿನಲ್ಲಿ ಇಂಗ್ಲಿಷ್ ಪತ್ರಕ್ಕೆ ಸಹಿ ಹಾಕಿಸಿಕೊಂಡರೆ ಅದು ಒಪ್ಪಿಗೆಯಾಗದು. ಕನ್ನಡ ಮತ್ತು ಮಲಯಾಳದಲ್ಲಿ ಬರೆದು, ತುಳುವಿನಲ್ಲಿ ಬಾಯಿಯಲ್ಲಿ ವಿವರಿಸಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಹಿಂದುಳಿದೆನೆಂದು ಅಳುಕುವ ನಿಮ್ಮಂಥವರಿಗೆ ಇಲ್ಲಿ ಮೇಲುಗೈ ಇದೆ.

ಓದಿನ ಬಗ್ಗೆ ಎರಡೇ ಮಾತು. ಒಂದು, ಸಂಖ್ಯಾಶಾಸ್ತ್ರ. ಉಚಿತವಾಗಿ ದೊರೆಯುವ ಆರ್ ತಂತ್ರಾಂಶದಲ್ಲಿ ಆ ಇಪ್ಪತ್ತು ಮಂದಿಯ ಅಂಕಿಗಳನ್ನೇ ಹಾಕಿ ಕಲಿಯಿರಿ. ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸರ ಹೆಸರಿನ, ಎರಡು ಗುಂಪುಗಳ ನಡುವಿನ ಅಂತರವನ್ನು ಅಳೆಯುವ ದೂರಮಾಪನ ಹುಟ್ಟಿದ್ದೂ ದೇಹದ ಅಳತೆಗಳನ್ನು ಹೋಲಿಸುವ ಇಂತಹ ಸಮಸ್ಯೆಯಿಂದಲೇ. ಎರಡು, ಈ ಶಾಸ್ತ್ರದ ಕಹಿ ಇತಿಹಾಸ. ಬ್ರಿಟಿಷ್ ಅಧಿಕಾರಿ ರಿಸ್ಲೆ ಮೂಗಿನ ಅಗಲ ಉದ್ದಗಳ ಅನುಪಾತದಿಂದ ಜಾತಿಗಳನ್ನು ಮೇಲುಕೀಳಾಗಿ ಜೋಡಿಸಲು ಹೊರಟಿದ್ದರು. ಮನುಷ್ಯರ ಆನುವಂಶಿಕ ವೈವಿಧ್ಯದ ಸುಮಾರು ಶೇ. 85 ಭಾಗ ಪ್ರತಿಯೊಂದು ಜನಸಮುದಾಯದ ಒಳಗೇ ಇದೆಯೆಂದು 1972ರಲ್ಲಿ ಅಮೆರಿಕದ ತಳಿಶಾಸ್ತ್ರಜ್ಞ ಲೆವೊಂಟಿನ್ ತೋರಿಸಿದರು. ಅಳತೆಪಟ್ಟಿ ಹಿಡಿದು ಬುಡಕಟ್ಟು ಸಮುದಾಯವಾದ ಕೊರಗರ ಕಾಲೊನಿಗೆ ಹೋಗುವ ಮನಸ್ಸಾದರೆ ಅದಕ್ಕೆ ಮೊದಲು ಇವೆರಡನ್ನೂ ಓದಿರಬೇಕು.

ಪ್ರಶ್ನೆ: ನನ್ನ ಮಗನೂ ಇದೇ ವಿಷಯವನ್ನು ಓದುತ್ತಿದ್ದಾನೆ. ಮೂರು ವರ್ಷಕ್ಕೇ ನಿಲ್ಲಿಸಿದರೆ ನಷ್ಟವೇನು?
– ತಂದೆ, ಮಂಜೇಶ್ವರ

ಉತ್ತರ: ನಷ್ಟವಿಲ್ಲ. ಮೂರು ವರ್ಷದ ಪದವೀಧರರಿಗೆ ಸ್ನಾತಕೋತ್ತರ ಪದವಿ ಎರಡು ವರ್ಷ, ಆನರ್ಸ್ ಆದವರಿಗೆ ಒಂದು ವರ್ಷ. ಒಟ್ಟು ಲೆಕ್ಕ ಐದೇ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕ ಪಡೆದವರು ಸ್ನಾತಕೋತ್ತರ ಪದವಿಯಿಲ್ಲದೆಯೂ ರಾಷ್ಟ್ರೀಯ ಅರ್ಹತಾ ಪರೀಕ್ಷೆ (ನೆಟ್) ಬರೆದು ಪಿಎಚ್.ಡಿ.ಗೆ ಸೇರಬಹುದು ಎಂಬುದೊಂದೇ ವ್ಯತ್ಯಾಸ. ಮಗನಿಗೆ ಸಂಶೋಧನೆಯಲ್ಲಿ ಒಲವಿಲ್ಲದೆ ನಾಗರಿಕ ಸೇವಾ ಪರೀಕ್ಷೆಯತ್ತ ಮನಸ್ಸಿದ್ದರೆ, ಮಾನವಶಾಸ್ತ್ರವು ಅಲ್ಲಿ ಐಚ್ಛಿಕ ವಿಷಯವಾಗಿದ್ದು ಮೊದಲ ಪತ್ರಿಕೆಯಲ್ಲಿ ಜೈವಿಕ ಭಾಗವೂ ಇದೆ. ಅದಕ್ಕೆ ಮೂರು ವರ್ಷದ ಪದವಿ ಸಾಕು. ಅವನನ್ನೇ ಕೇಳಿ ನೋಡಿ.