ಪ್ಯಾಡಾಕ್ ಬಿಟ್ಟು ಬೋರ್ಡಿನ ಮುಂದೆ ನಿಂತವರಿಗೆ

ತಮ್ಮಾ, ನಮ್ಮ ಕುದುರೆ ರೇಸ್ ಗುಂಪಿನಲ್ಲಿ ನಿನ್ನ ಪೋಸ್ಟ್ ಓದಿ ಸುಮ್ನಿರೋಣ ಅಂದುಕೊಂಡೆ, ಆಗಲಿಲ್ಲ. ಏಕವಚನಕ್ಕೆ ಬೇಜಾರಾಗಬೇಡ, ನನ್ನ ಮಗನಿಗೂ ನಿನ್ನಷ್ಟೇ ವಯಸ್ಸು. ಹೊಸೂರಿನಿಂದ ಬಸ್ ಹತ್ತಿ, ಸ್ನೇಹಿತರ ಜೊತೆ ಬೆಂಗಳೂರು ರೇಸ್‌ಕೋರ್ಸಿಗೆ ಹೋಗಿ, ಏಳು ರೇಸನ್ನೂ ಬುಕ್ಕಿಗಳು ಬೋರ್ಡಿನಲ್ಲಿ ಬೆಟ್ ರೇಟು ಬರೆಯುವ ರಿಂಗಿನಲ್ಲಿ, ಟಿವಿ ಮುಂದೆ ನಿಂತೇ ನೋಡಿದ್ದೀಯ. ಆಮೇಲೆ ಇಲ್ಲಿ ಬಂದು "ಒಂದೂಕಾಲು ನಿಮಿಷದ ಗಲಾಟೆ, ಕುದುರೆಗಳು ಚುಕ್ಕಿ ಥರ ಕಂಡವು, ಇದರಲ್ಲಿ ನಿಮಗೆಲ್ಲ ಅಂಥಾದ್ದೇನು ಕಾಣಿಸುತ್ತೆ?" ಅಂತ ಕೇಳಿದ್ದೀಯ. ಅದಕ್ಕೆ ಕೆಳಗೆ ಮೂರು ಜನ ಮುಂದಿನ ಶನಿವಾರದ ಟಿಪ್ಸ್ ಹಾಕಿದ್ದಾರೆ! ಟಿಪ್ಸ್ ಯಾರು ಕೇಳಿದರು ಮಾರಾಯರೇ? ಹುಡುಗ ಕೇಳಿದ್ದು ಬೇರೆ.

ನಾನೂ ಐದಾರು ವರ್ಷ ಹೀಗೇ ನಿಂತವನು. ರೇಟು ಇಳಿಯಿತಾ, ಏರಿತಾ, ಯಾವ ಬುಕ್ಕಿ ಹತ್ತಿರ ಸ್ವಲ್ಪ ಜಾಸ್ತಿ ಸಿಗುತ್ತೆ, ಇದೇ ಲೆಕ್ಕ. ಅಷ್ಟರಲ್ಲಿ ಓಟ ಶುರುವಾಗುವ ಗೇಟು ತೆರೆದಿರುತ್ತಿತ್ತು. ಸಂಜೆ ಬಸ್ಸಿನಲ್ಲಿ ಅತ್ತಿಬೆಲೆ ದಾಟುವಾಗ ಇವತ್ತು ನೋಡಿದ ಕುದುರೆಗಳಲ್ಲಿ ಒಂದರ ಬಣ್ಣ ಹೇಳು ಅಂದಿದ್ದರೆ ನನ್ನ ಬಾಯಿಂದ ಬರುತ್ತಿರಲಿಲ್ಲ. ನಂಬರ್ ಮಾತ್ರ ಬರುತ್ತಿತ್ತು.

ಈಗ ನಾನು ಮಾಡುವುದು ಇಷ್ಟು. ಒಂದು ರೇಸಿಗೆ ಒಂದೇ ಕುದುರೆ. ಗೆಲ್ಲುವ ಕುದುರೆ ಅಂತಲ್ಲ. ರೇಸಿಗೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಪ್ಯಾಡಾಕ್‌ನಲ್ಲಿ ಸುತ್ತು ಹಾಕುವಾಗ ಯಾವುದರ ಮೇಲೆ ಕಣ್ಣು ಎರಡನೇ ಸಲ ತಾನಾಗಿ ಹೋಯಿತೋ, ಅದು. ರೇಸ್ ಬುಕ್ಕಿನಲ್ಲಿ ಅದರ ಹೆಸರಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತೇನೆ. ಪೆನ್ ಬೇಡ, ಬೇಸಿಗೆ ಸೀಸನ್ನಿನ ಸಂಜೆ ಮಳೆಗೆ ಶಾಯಿ ಹರಡಿ ಬುಕ್ಕೆಲ್ಲ ನೀಲಿ ಆಗುತ್ತೆ. ಅಲ್ಲಿಂದ ಗೇಟಿನವರೆಗೆ, ಗೇಟಿನಿಂದ ವಿನ್ನಿಂಗ್ ಪೋಸ್ಟ್‌ವರೆಗೆ, ಆಮೇಲೆ ಜೀನು ಬಿಚ್ಚುವವರೆಗೆ ಅದೊಂದನ್ನೇ ನೋಡುವುದು. ಮುಂದೆ ಓಡುತ್ತಿರುವ ಕುದುರೆ ಯಾವುದು ಅಂತ ಕಾಮೆಂಟ್ರಿಯವನು ಹೇಗೂ ಕೂಗುತ್ತಾನೆ. ಅದಕ್ಕೆ ಕಣ್ಣು ಖರ್ಚು ಮಾಡಬೇಡ.

ಪ್ಯಾಡಾಕ್‌ನಲ್ಲಿ ಏನು ನೋಡಬೇಕು ಅಂತ ಮುಂದಿನ ಪ್ರಶ್ನೆ ಬರುತ್ತೆ. ನಾನು ಮೊದಲು ನಡಿಗೆ ನೋಡುತ್ತೇನೆ. ಮುಂಗಾಲು ಎತ್ತಿದ ಜಾಗವನ್ನು ದಾಟಿ ಹಿಂಗಾಲಿನ ಗೊರಸು ಬೀಳುತ್ತಾ? ಬಿದ್ದರೆ ನಡಿಗೆ ಸಡಿಲವಾಗಿದೆ ಅಂತ ಲೆಕ್ಕ. ಆಮೇಲೆ ಕಿವಿ. ಆಮೇಲೆ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು, ಅವನ ಕೈ ನೋಡು. ಲಗಾಮು ಹಿಡಿದ ಕೈ ಹಗುರವಾಗಿದೆಯೋ, ಇಲ್ಲ ಇಬ್ಬರು ಎರಡೂ ಕಡೆ ಜೋತುಬಿದ್ದಿದ್ದಾರೋ? ಚರ್ಮದ ಹೊಳಪು ಎಲ್ಲರಿಗೂ ಕಾಣುತ್ತೆ, ಅದನ್ನು ಹೇಳಿಕೊಡಬೇಕಾಗಿಲ್ಲ. ಬೆವರಿನ ವಿಷಯದಲ್ಲಿ ಮಾತ್ರ ಹುಷಾರು. ಮೇ ತಿಂಗಳಲ್ಲಿ ಕುತ್ತಿಗೆ ಬೆವರುವುದು ಮಾಮೂಲು, ನಾನೂ ಬೆವರುತ್ತೇನೆ. ಹಿಂಗಾಲುಗಳ ನಡುವೆ ಬಿಳಿ ನೊರೆ ಕಂಡರೆ ಅದು ರೇಸಿಗೆ ಮುಂಚೆಯೇ ಗಾಬರಿಯಲ್ಲಿ ಶಕ್ತಿ ಕಳೆದುಕೊಳ್ಳುತ್ತಿದೆ ಅಂತ ಅನುಮಾನ ಪಡಬಹುದು. ಅನುಮಾನ ಅಷ್ಟೇ. ಪ್ರತಿ ಸಲ ಹಾಗೇ ನೊರೆ ಬಂದು ಪ್ರತಿ ಸಲ ಚೆನ್ನಾಗಿ ಓಡುವ ಕುದುರೆಗಳೂ ಇವೆ. ಅರ್ಧ ನಿದ್ದೆಯಲ್ಲಿ ನಡೆದುಬಂದು ಗೇಟು ತೆರೆದ ತಕ್ಷಣ ಬಾಣದ ಥರ ಹೋಗುವಂಥವೂ ಇವೆ. ಅದಕ್ಕೇ ಒಂದೇ ಕುದುರೆಯನ್ನು ಮೂರು ನಾಲ್ಕು ಸಲ ನೋಡಿರಬೇಕು, ಅದರ ಸ್ವಭಾವ ಆಗ ಗೊತ್ತಾಗುತ್ತೆ. ಒಂದು ಶನಿವಾರಕ್ಕೆ ಗೊತ್ತಾಗಲ್ಲ.

ಇದನ್ನೆಲ್ಲ ಕಲಿಸಿದ್ದು ನನ್ನ ಸೋದರಮಾವ. ಬೆಂಗಳೂರಿನ ಒಂದು ಲಾಯದಲ್ಲಿ ಇಪ್ಪತ್ತೆರಡು ವರ್ಷ ಸೈಸ್ ಆಗಿದ್ದವನು. ಕಲಿಸಿದ ಅನ್ನುವುದಕ್ಕಿಂತ ಬೈದ ಅಂದರೆ ಸರಿ. ಆ ಬೈಗುಳ ಎಲ್ಲಿ ಸಿಕ್ಕಿತು ಅಂತ ಹೇಳಿಬಿಡುತ್ತೇನೆ.

ಊಟಿ. ಆಗ ನನಗೆ ಮೂವತ್ತರ ಹತ್ತಿರ. ಬೇಸಿಗೆ ರೇಸ್ ಸಮಯ, ಮಧ್ಯಾಹ್ನವೇ ಮಂಜು ಇಳಿದಿತ್ತು. ಊಟಿ ಕೋರ್ಸ್ ಗೊತ್ತಲ್ಲ, ಬಸ್ ಸ್ಟ್ಯಾಂಡ್ ಪಕ್ಕದಲ್ಲೇ. ಬಸ್ ಇಳಿದು ಟೀ ಕುಡಿಯುವಾಗಲೇ ಕುದುರೆ ವಾಸನೆ ಬರುತ್ತಿತ್ತು. ಟೀ ಅಂಗಡಿಯಲ್ಲಿ ಒಬ್ಬ ಕಿವಿಯಲ್ಲಿ ನಂಬರ್ ಹೇಳಿದ, "ಲಾಯದಿಂದಲೇ ಬಂದ ಸುದ್ದಿ" ಅಂದ. ಲಾಯದಲ್ಲೇ ಜೀವನ ಕಳೆದ ಮಾವ ಪಕ್ಕದಲ್ಲಿ ನಿಂತಿದ್ದಾನೆ, ನಾನು ಟೀ ಅಂಗಡಿಯವನ ಮಾತು ನಂಬಿದೆ.

ಪ್ಯಾಡಾಕ್ ಕಂಬಿ ಹತ್ತಿರ ಮಾವ ನನ್ನ ಮಣಿಕಟ್ಟು ಹಿಡಿದ. ಏಳನೇ ನಂಬರಿನ ಕಂದು ಹೆಣ್ಣು ಕುದುರೆ, ತೀರಾ ಸಣ್ಣ ಮೈ, ಹಣೆ ಮೇಲೆ ಬೆರಳಿನ ಗುರುತಿನಷ್ಟು ಬಿಳಿ. "ಕಿವಿ ನೋಡೋ ಅದರದು" ಅಂದ. ಜನ ಗಲಾಟೆ ಮಾಡುತ್ತಿದ್ದ ಕಡೆಗೆ ಅದರ ಕಿವಿ ತಿರುಗುತ್ತಲೇ ಇರಲಿಲ್ಲ. ಸೈಸ್ ಹುಡುಗ ಏನೋ ಗುನುಗುತ್ತಿದ್ದ, ಎರಡೂ ಕಿವಿ ಅವನ ಕಡೆಗೇ. ನಾನು "ಹ್ಞೂಂ ಮಾವ" ಅಂದು ಕೈ ಬಿಡಿಸಿಕೊಂಡು ಕೌಂಟರಿಗೆ ಓಡಿದೆ.

ಕ್ಯೂ ಉದ್ದ ಇತ್ತು. ನನ್ನ ಮುಂದೆ ಇನ್ನೂ ನಾಲ್ಕು ಜನ ಇದ್ದಾಗ ರೇಸ್ ಶುರುವಾಯಿತು. ನನಗೆ ಕಂಡದ್ದು ಮುಂದಿನವನ ಸ್ವೆಟರ್. ಬೆನ್ನ ಹಿಂದೆ ಮೊದಲು ಸಾಧಾರಣ ಗದ್ದಲ, ಆಮೇಲೆ ನೆಲದಿಂದ ಬರುವ ಆ ದಡದಡ, ಆಮೇಲೆ ಒಂದು ಕ್ಷಣ ಪೂರ್ತಿ ಸ್ಟ್ಯಾಂಡು ಉಸಿರು ಎಳೆದುಕೊಂಡ ಹಾಗೆ ನಿಶ್ಶಬ್ದ, ಮತ್ತೆ ಕೂಗು. ತಿರುಗಿ ಓಡುವಷ್ಟರಲ್ಲಿ ಮುಗಿದಿತ್ತು. ಆ ಸಣ್ಣ ಕುದುರೆ ಕಟ್ಟಕಡೆಯಿಂದ ಬಂದು, ಒಳಗಿನ ಕಂಬಿ ಪಕ್ಕ ಸಿಕ್ಕ ಸಂದಿಯಲ್ಲಿ ನುಗ್ಗಿ, ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ದಾಟಿ, ಕೊನೆಗೆ ಶಾರ್ಟ್ ಹೆಡ್‌ನಲ್ಲಿ ಸೋತಿತ್ತು. ಶಾರ್ಟ್ ಹೆಡ್ ಅಂದರೆ ತಲೆಯಷ್ಟೂ ಅಂತರ ಇಲ್ಲ, ಫೋಟೊ ನೋಡಿ ಹೇಳಬೇಕು. ಟೀ ಅಂಗಡಿ ಕುದುರೆ ನಾಲ್ಕನೆಯದು. ಮಾವ ಒಂದು ರೂಪಾಯಿಯೂ ಹಾಕಿರಲಿಲ್ಲ. ಕಂಬಿ ಹಿಡಿದುಕೊಂಡು ಕಣ್ಣು ಒರೆಸಿಕೊಳ್ಳುತ್ತಿದ್ದ. "ಎಲ್ಲಿ ಹಾಳಾಗಿ ಹೋಗಿದ್ದೆ?" ಅಂದ. ಅದರ ಮುಂದಿನ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ, ಗುಂಪಿನಲ್ಲಿ ಹೆಂಗಸರೂ ಇದ್ದಾರೆ.

ಆಮೇಲೆ ಪ್ರತಿ ಮದುವೆಯಲ್ಲೂ ಮಾವ ಆ ಓಟದ ಕಥೆ ಹೇಳುತ್ತಿದ್ದ. ಯಾರಾದರೂ ನನ್ನ ಕಡೆ ತಿರುಗಿ "ನೀನೂ ಇದ್ದೆ ಅಲ್ವಾ?" ಅನ್ನುತ್ತಿದ್ದರು. ಇದ್ದೆ. ಸ್ವೆಟರ್ ನೋಡುತ್ತಿದ್ದೆ. ಈಗ ಮಾವ ಇಲ್ಲ. ಊಟಿ ಕೋರ್ಸಿನ ಜಾಗವನ್ನೂ 2024ರಲ್ಲಿ ತಮಿಳುನಾಡು ಸರ್ಕಾರ ವಾಪಸ್ ತೆಗೆದುಕೊಂಡಿತು. ಇನ್ನೊಂದು ಸಲ ಅಲ್ಲಿ ನಿಂತು ನೋಡೋಣ ಅಂದರೆ ಆ ದಾರಿಯೂ ಇಲ್ಲ.

ಸರಿ, ನಿನ್ನ ಒಂದೂಕಾಲು ನಿಮಿಷಕ್ಕೆ ಬರೋಣ. 1200 ಮೀಟರ್ ರೇಸ್ ಅಷ್ಟೇ ಹೊತ್ತು, ನಿಜ. ಒಂದೇ ಕುದುರೆ ಹಿಡಿದರೆ ಅದು ಸಾಕಷ್ಟು ದೊಡ್ಡ ಸಮಯ. ಗೇಟಿನಿಂದ ಹೇಗೆ ಹೊರಬಿತ್ತು? ಒಳಗೆ ಸಿಕ್ಕಿಹಾಕಿಕೊಂಡಿತಾ, ಇಲ್ಲ ಹೊರಗೆ ಸುತ್ತಿ ಬರಬೇಕಾಯಿತಾ? ತಿರುವಿನಲ್ಲಿ ಕುದುರೆ ಒಳಬದಿಯ ಮುಂಗಾಲನ್ನು ಮುಂದಿಟ್ಟು ಓಡುತ್ತೆ. ಸ್ಟ್ರೈಟಿಗೆ, ಅಂದರೆ ಕೊನೆಯ ನೇರ ದಾರಿಗೆ, ಬಂದ ಮೇಲೆ ಕಾಲು ಬದಲಾಯಿಸುತ್ತೆ, ದಣಿದ ಕಡೆಗೆ ಸ್ವಲ್ಪ ಬಿಡುವು ಸಿಗುತ್ತೆ. ಆ ಬದಲಾವಣೆ ಒಂದೇ ಒಂದು ಹೆಜ್ಜೆಯಲ್ಲಿ ಆಗಿಬಿಡುತ್ತೆ, ನೃತ್ಯದವರು ತಾಳ ತಿರುಗಿಸಿದ ಹಾಗೆ. ಅದನ್ನು ಮೊದಲ ಸಲ ಕಣ್ಣಲ್ಲಿ ಹಿಡಿದ ದಿನ ನಾನು ಮನೆಗೆ ಬಂದು ಹೆಂಡತಿಗೆ ಅಂಗಳದಲ್ಲಿ ಓಡಿ ತೋರಿಸಿದ್ದೇನೆ. ನಾಗಾಲೋಟದಲ್ಲಿ ಒಂದು ಹೆಜ್ಜೆಗೆ ಒಂದೇ ಉಸಿರು. ಕಂಬಿ ಹತ್ತಿರ ನಿಂತರೆ ಆ ಉಸಿರು ಕೇಳಿಸುತ್ತೆ, ಟಿವಿಯಲ್ಲಿ ಕೇಳಿಸಲ್ಲ.

ಜಾಕಿಯ ಕೈಯನ್ನೂ ನೋಡು. ಚಾಟಿ ಎತ್ತಿದವನನ್ನು ಎಲ್ಲರೂ ನೋಡುತ್ತಾರೆ. ಎರಡು ಲೆಂತ್, ಅಂದರೆ ಎರಡು ಕುದುರೆಯಷ್ಟು ಉದ್ದ, ಹಿಂದಿದ್ದರೂ ಕೈ ಅಲ್ಲಾಡಿಸದೆ ಕೂತವನನ್ನು ನೋಡಬೇಕು. ಅವನ ಹತ್ತಿರ ಇನ್ನೂ ಏನೋ ಉಳಿದಿದೆ.

ಹ್ಯಾಂಡಿಕ್ಯಾಪ್ ಬಗ್ಗೆ ನೀನು "ಮೋಸ" ಅಂತ ಬರೆದಿದ್ದೀಯ. ಮೋಸ ಅಲ್ಲ ತಮ್ಮಾ. ಚೆನ್ನಾಗಿ ಓಡುವ ಕುದುರೆಗೆ 60 ಕೆಜಿ, ಕಡಿಮೆಯದಕ್ಕೆ 51 ಅಂತ ಹೊರಿಸಿದರೆ ಎಲ್ಲವೂ ಒಟ್ಟಿಗೆ ಪೋಸ್ಟ್ ಮುಟ್ಟಬೇಕು ಅನ್ನುವುದು ಆಸೆ. ಜಾಕಿ ಹಗುರ ಇದ್ದರೆ ಸೀಸದ ತುಂಡು ಸೇರಿಸಿ ತೂಕ ಸರಿಮಾಡುತ್ತಾರೆ. ಓಟದ ಮೊದಲೂ ತೂಗುತ್ತಾರೆ, ಆಮೇಲೂ ತೂಗುತ್ತಾರೆ. ಹೊತ್ತ ತೂಕ ನೋಡದೆ "ಮೊನ್ನೆ ಇದನ್ನು ಸೋಲಿಸಿತ್ತಲ್ಲ" ಅನ್ನುವವರ ಜೊತೆ ವಾದಕ್ಕೆ ಹೋಗಬೇಡ.

ಬೈನಾಕ್ಯುಲರ್ ಬೇಕೇ ಬೇಕು. ಬರೀ ಕಣ್ಣಿಗೆ ದೂರದ ಕುದುರೆ ಚುಕ್ಕಿ ಥರವೇ ಕಾಣುತ್ತೆ. ಜಾಸ್ತಿ ಪವರ್ ತಗೋಬೇಡ. ನಾನು ಮೊದಲು ಒಂದು ಎಕ್ಸಿಬಿಷನ್‌ನಲ್ಲಿ ಝೂಮ್ ಇರುವುದು ತಂದೆ, ಕೈ ನಡುಗಿ ಎಂಟು ಕುದುರೆ ಹದಿನಾರು ಆಗುತ್ತಿದ್ದವು. 8×40 ಅಥವಾ 8×42 ಸಾಕು. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ನನ್ನದು ಒಲಿಂಪಸ್ 8×40, ಹಳೆಯದು. ಮಾವನ ಕುತ್ತಿಗೆಯಿಂದ ನನ್ನ ಕುತ್ತಿಗೆಗೆ ಬಂದದ್ದು, ಇನ್ನೂ ಗಟ್ಟಿ ಇದೆ. ನಿಕಾನ್ 8×42 ಸ್ನೇಹಿತನ ಹತ್ತಿರ ಇದೆ. ಸಂಜೆ ಬೆಳಕಿನಲ್ಲಿ ಅದೇ ಚೆಂದ ಕಾಣುತ್ತೆ ಅಂತ ಒಪ್ಪಿಕೊಳ್ಳಲೇಬೇಕು, ಆದರೆ ನನ್ನದನ್ನು ಬದಲಾಯಿಸಲ್ಲ. 10×50 ತಂದವರು ಮೂರನೇ ರೇಸಿಗೆ ಕುತ್ತಿಗೆ ಉಜ್ಜಿಕೊಳ್ಳುತ್ತಾರೆ. ಕನ್ನಡಕ ಇರುವವರು ಅಂಗಡಿಯಲ್ಲೇ ಕನ್ನಡಕ ಹಾಕಿಕೊಂಡೇ ನೋಡಿ ತಗೊಳ್ಳಿ. ಇನ್ನೊಂದು, ರೇಸ್ ಶುರುವಾದ ಮೇಲೆ ಕುದುರೆ ಹುಡುಕಬೇಡ. ಗೇಟಿಗೆ ಹೋಗುವಾಗಲೇ ಜಾಕಿಯ ಅಂಗಿಯ ಬಣ್ಣ ಮತ್ತು ಟೋಪಿ ಬಾಯಲ್ಲಿ ಹೇಳಿಕೊ. "ಹಳದಿ ಅಂಗಿ, ಕೆಂಪು ತೋಳು, ಹಳದಿ ಟೋಪಿ". ಪ್ರತಿ ಮಾಲೀಕನಿಗೂ ಅವನದೇ ಬಣ್ಣ ಇರುತ್ತೆ. ಒಬ್ಬನದೇ ಎರಡು ಕುದುರೆ ಇದ್ದರೆ ಟೋಪಿ ನೋಡಿ ಗುರುತಿಸಬೇಕು.

ದುಡ್ಡಿನ ವಿಷಯ ಬೇಡ ಅಂದುಕೊಂಡಿದ್ದೆ, ಆದರೆ ನಾಲ್ಕು ಜನ ಸೇರಿ ಕಳೆದದ್ದನ್ನು ನೀನೇ ಬರೆದಿದ್ದೀಯ. 1996ರಲ್ಲಿ ಸುಪ್ರೀಂ ಕೋರ್ಟ್, ನಮ್ಮ ತಮಿಳುನಾಡಿನ ಕೇಸಿನಲ್ಲೇ, ಕುದುರೆ ರೇಸ್ ಕೌಶಲದ ಆಟ ಅಂತ ಹೇಳಿತು. ಆ ಕೌಶಲ ನಿನ್ನ ವಾಟ್ಸಾಪ್ ಗುಂಪಿನ ಟಿಪ್ಸ್‌ನವನಿಗೆ ಇದೆ ಅಂತ ಹೇಳಲಿಲ್ಲ. ಬೆಟ್ಟಿಂಗ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ 28ರಿಂದ ಶೇ 40ಕ್ಕೆ ಹೋಗಿದೆ. ಕೂತು ಲೆಕ್ಕ ಹಾಕು. ನಾನು ಟಿಕೆಟ್, ಕಾಫಿ, ರೇಸ್ ಬುಕ್ ಇಷ್ಟಕ್ಕೆ ದುಡ್ಡು ತರುತ್ತೇನೆ, ಎಟಿಎಂ ಕಾರ್ಡ್ ಮನೆಯಲ್ಲಿ. ನನ್ನನ್ನು ಜುಗ್ಗ ಅನ್ನುವವರು ಇದೇ ಗುಂಪಿನಲ್ಲಿ ಇದ್ದಾರೆ, ಅನ್ನಲಿ.

ರೇಸ್ ಮುಗಿದ ತಕ್ಷಣ ಎಲ್ಲರೂ ಬೋರ್ಡಿನ ಕಡೆ ಓಡುವಾಗ ನೀನು ಉಲ್ಟಾ ಓಡು, ಕುದುರೆಗಳು ವಾಪಸ್ ಬರುವ ಕಡೆ. ಮೂಗಿನ ಹೊಳ್ಳೆ ಅರಳಿ ಒಳಗಿನ ಕೆಂಪು ಕಾಣುತ್ತೆ. ರಕ್ತನಾಳಗಳು ಚರ್ಮದ ಮೇಲೆ ಬಳ್ಳಿ ಥರ ಎದ್ದಿರುತ್ತವೆ. ಸುಮ್ಮನೆ ನಿಂತಾಗ ನಿಮಿಷಕ್ಕೆ ಮೂವತ್ತು ನಲವತ್ತು ಸಲ ಬಡಿಯುವ ಎದೆ ಓಟದಲ್ಲಿ ಇನ್ನೂರು ದಾಟಿರುತ್ತೆ. ಗೆದ್ದ ಕುದುರೆ ಸುತ್ತ ಫೋಟೊದವರು. ಎಂಟನೆಯದಾಗಿ ಬಂದದ್ದರ ಹತ್ತಿರ ಸೈಸ್ ಒಬ್ಬನೇ. ಒಂದು ಸಲ ಅಂಥ ಹುಡುಗನೊಬ್ಬ ತನ್ನ ಹೆಗಲ ಟವಲ್‌ನಿಂದ ಕುದುರೆಯ ಕಣ್ಣಿನ ಮಣ್ಣು ಒರೆಸುತ್ತಿದ್ದ. ಅದು ತಲೆ ತಗ್ಗಿಸಿ ಅವನ ಎದೆಗೆ ಹಣೆ ಒತ್ತಿ ನಿಂತಿತ್ತು. ನಾನು ಮುಂದಿನ ರೇಸಿನ ಪ್ಯಾಡಾಕ್‌ಗೆ ತಡವಾಗಿ ಹೋದೆ.

ಕುದುರೆ ನಮಗೆ ದೂರದ್ದು ಅಂತ ಒಬ್ಬರು ಕಾಮೆಂಟ್ ಹಾಕಿದ್ದಾರೆ. ಹೊಸೂರು ಪಕ್ಕದ ನಮ್ಮ ಮತ್ತಿಗಿರಿ ಜಾನುವಾರು ಫಾರಂ ಶುರುವಾದದ್ದೇ 1824ರಲ್ಲಿ, ಮಿಲಿಟರಿ ಕುದುರೆಗಳಿಗಾಗಿ. ದನ ಆಮೇಲೆ ಬಂತು. ಆ ಕಡೆ ಕುಣಿಗಲ್ ಸ್ಟಡ್ ಫಾರಂ ಟಿಪ್ಪು ಕಾಲದ್ದು. ನಾನು ಬೆಳೆಯುವ ಮೇವಿನ ಹೆಸರೇ ಕುದುರೆ ಮಸಾಲೆ, ತಿನ್ನುವುದು ಮಾತ್ರ ಎಮ್ಮೆಗಳು. ಸ್ಕ್ವಾಂಡರರ್ ಹೆಸರು ಕೇಳಿದ್ದೀಯಾ? ಎಪ್ಪತ್ತರ ದಶಕದ ಕುದುರೆ, ರಶೀದ್ ಬೈರಾಮ್‌ಜಿ ತಯಾರು ಮಾಡಿದ್ದು, 19 ಓಟದಲ್ಲಿ 18 ಗೆಲುವು. ಮಾವ ಅದರ ಬಗ್ಗೆ ಮಾತಾಡುವಾಗ ಗೆದ್ದ ಹದಿನೆಂಟನ್ನು ಬಿಟ್ಟು ಸೋತ ಒಂದರ ಬಗ್ಗೆಯೇ ಅರ್ಧ ಗಂಟೆ ಹೇಳುತ್ತಿದ್ದ.

ಮುಂದಿನ ಶನಿವಾರ ಹೋಗುವುದಾದರೆ ಮೆಜೆಸ್ಟಿಕ್‌ನಲ್ಲಿ ಇಳಿದು ನಡೆದುಬಿಡು, ಆಟೊದವನ ಜೊತೆ ಜಗಳ ಬೇಡ. ಕೊಡೆ ಬೇಡ, ಹಿಂದಿನವರು ಬೈಯುತ್ತಾರೆ, ಮಳೆಗೆ ಜರ್ಕಿನ್ ಹಾಕಿಕೊ. ಸ್ನೇಹಿತರನ್ನು ಬೋರ್ಡಿನ ಹತ್ತಿರವೇ ಬಿಡು. ನಾಲ್ಕನೇ ರೇಸಿನಲ್ಲಿ ಒಂದು ಬೂದು ಗಂಡು ಓಡುತ್ತೆ, ನಾನು ಮೂರು ಸಲ ನೋಡಿದ್ದೇನೆ. ಸ್ಟ್ರೈಟಿಗೆ ಬಂದ ತಕ್ಷಣ ಸ್ಟ್ಯಾಂಡಿನ ಜನರನ್ನು ನೋಡಿಕೊಂಡು ಓಡುತ್ತೆ, ಪೋಲಿ. ಈ ಸಲ ಅದಕ್ಕೆ ಬ್ಲಿಂಕರ್, ಅಂದರೆ ಪಕ್ಕಕ್ಕೆ ನೋಡದ ಹಾಗೆ ಕಣ್ಣಿನ ಮರೆ, ಹಾಕಿದ್ದಾರಾ, ಹಾಕಿದ್ದರೆ ಕಾಲು ಎಲ್ಲಿ ಬದಲಾಯಿಸಿತು, ನೋಡಿ ಇಲ್ಲಿ ಬರಿ. ನನಗೆ ಈ ವಾರ ಬರಲಾಗಲ್ಲ, ಮೇವು ಕೊಯ್ಲಿಗೆ ಬಂದಿದೆ.