ಕೊರೆಯುವ ಚಳಿಗೆ ಸೈಕಲ್ ಹಬ್‌ಗೆ ಯಾವ ಗ್ರೀಸ್?

ಪ್ರಶ್ನೆ: ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಚಳಿಯಲ್ಲೂ ನಾನು ಸೈಕಲ್‌ನಲ್ಲೇ ಕೆಲಸಕ್ಕೆ ಹೋಗುತ್ತೇನೆ. ಚಕ್ರಗಳ ನಡುವಿನ ಹಬ್‌ಗಳಿಗೆ ಕಾರಿನ ಚಕ್ರಕ್ಕೆ ಬಳಸುವ ಲಿಥಿಯಂ ಗ್ರೀಸ್ ತುಂಬಿದ್ದೇನೆ. ಚಕ್ರ ಎತ್ತಿ ತಿರುಗಿಸಿದರೆ ಬೇಗ ನಿಲ್ಲುತ್ತದೆ. ಒಮ್ಮೊಮ್ಮೆ ಪೆಡಲ್ ತುಳಿದರೆ ಚಕ್ರವನ್ನು ಹಿಡಿಯದೆ ಜಾರಿಬಿಡುತ್ತದೆ. ಈ ಗ್ರೀಸ್‌ಗೇ ತೆಳು ಎಣ್ಣೆ ಬೆರೆಸಬಹುದೇ?

ಉತ್ತರ: ಬೆರೆಸಬೇಡಿ. ಅದಕ್ಕೂ ಮೊದಲು ಪೆಡಲ್ ಜಾರುವುದನ್ನು ಸರಿಪಡಿಸಿ. ಅಲ್ಲಿಯವರೆಗೆ ದಯವಿಟ್ಟು ಆ ಸೈಕಲ್ ಹತ್ತಬೇಡಿ. ಎದ್ದು ನಿಂತು ತುಳಿಯುವಾಗ ಹೀಗಾದರೆ ನೇರ ರಸ್ತೆಗೆ ಬೀಳುತ್ತೀರಿ. ಪೆಡಲ್ ನಿಲ್ಲಿಸಿದರೂ ಹಿಂದಿನ ಚಕ್ರವನ್ನು ತಿರುಗಲು ಬಿಡುವ ಭಾಗವೇ ಫ್ರೀಹಬ್. ಅದರೊಳಗೆ ಪುಟ್ಟ ಸ್ಪ್ರಿಂಗ್‌ಗಳು ಹೊರಕ್ಕೆ ತಳ್ಳುವ ಹಲ್ಲುಗಳಿರುತ್ತವೆ, ಅವೇ ಪಾಲ್‌ಗಳು. ಗ್ರೀಸ್ ಹೆಪ್ಪುಗಟ್ಟಿದರೆ ಆ ಬಡಪಾಯಿ ಸ್ಪ್ರಿಂಗ್‌ಗಳಿಗೆ ಅವನ್ನು ಎಬ್ಬಿಸುವ ಶಕ್ತಿ ಸಾಲುವುದಿಲ್ಲ. ಒಳಗೆ ನೀರು ಸೇರಿ ಮಂಜುಗಡ್ಡೆಯಾದರೂ ಹೀಗೆಯೇ ಆಗುತ್ತದೆ. ಬಿಚ್ಚಿ, ತೊಳೆದು, ಪೂರ್ತಿ ಒಣಗಿಸಿ. ಪಾಲ್‌ಗಳಿಗೆ ತೆಳು ಎಣ್ಣೆಯ ಕೆಲವೇ ಹನಿ ಅಥವಾ ಫ್ರೀಹಬ್‌ಗೆಂದೇ ಮಾಡಿದ ತೆಳು ಗ್ರೀಸನ್ನು ಸವರಿ. ಬೇರಿಂಗ್ ಗ್ರೀಸನ್ನು ಅಲ್ಲಿ ತುಂಬಲೇಬಾರದು. ಪಾಲ್‌ಗಳ ಬದಲು ಹಲ್ಲಿನ ಬಿಲ್ಲೆಗಳಿರುವ ಹಬ್ ಆಗಿದ್ದರೆ ತಯಾರಕರು ಸೂಚಿಸಿದ್ದನ್ನೇ ಬಳಸಿ.

ಇನ್ನು ಬೇರಿಂಗ್ ವಿಚಾರ. ಗ್ರೀಸ್ ಎಂದರೆ ಎಣ್ಣೆ, ಅದನ್ನು ಹಿಡಿದಿಡುವ ಗಟ್ಟಿಕಾರಕ ಮತ್ತು ಒಂದಷ್ಟು ಸೇರ್ಪಡೆಗಳು. ಲಿಥಿಯಂ ಎನ್ನುವುದು ಆ ಗಟ್ಟಿಕಾರಕದ ಹೆಸರು ಮಾತ್ರ. ಚಳಿಯಲ್ಲಿ ಚಕ್ರ ಬಿಗಿಯುವುದು ಮುಖ್ಯವಾಗಿ ಒಳಗಿನ ಎಣ್ಣೆಯಿಂದ, ಅದರ ಬಗ್ಗೆ ಡಬ್ಬಿಯ ಮುಂಭಾಗ ಏನನ್ನೂ ಹೇಳುವುದಿಲ್ಲ. ಎಲ್ಲರೂ ನೋಡುವ ಎನ್‌ಎಲ್‌ಜಿಐ 2 ಎಂಬ ಗಟ್ಟಿತನದ ದರ್ಜೆಯೂ ಇಲ್ಲಿ ನೆರವಿಗೆ ಬಾರದು. 25 ಡಿಗ್ರಿಯಲ್ಲಿ ಒಂದು ಶಂಕು ಗ್ರೀಸ್‌ನೊಳಗೆ 26.5ರಿಂದ 29.5 ಮಿಲಿಮೀಟರ್ ಇಳಿದರೆ ಅದು 2ನೇ ದರ್ಜೆ. ಸೊನ್ನೆಗಿಂತ ಕೆಳಗೆ ಅದೇ ಗ್ರೀಸ್ ಹೇಗಿರುತ್ತದೆ ಎಂಬುದು ಆ ಅಳತೆಯಲ್ಲಿ ಇಲ್ಲ.

ತಯಾರಕರ ಮಾಹಿತಿ ಹಾಳೆಯಲ್ಲಿ ಮೂಲ ಎಣ್ಣೆಯ ಸ್ನಿಗ್ಧತೆಯನ್ನು, ಅಂದರೆ ಅದು ಎಷ್ಟು ಮಂದ ಎಂಬ ಅಳತೆಯನ್ನು ಹುಡುಕಿ; 40 ಡಿಗ್ರಿಯಲ್ಲಿ ಇಷ್ಟು ಸೆಂಟಿಸ್ಟೋಕ್ಸ್ ಎಂದು ಬರೆದಿರುತ್ತಾರೆ. ಕಾರಿನ ಗ್ರೀಸ್‌ನಲ್ಲಿ ಇದು ಸಾಮಾನ್ಯವಾಗಿ 150ರಿಂದ 220. ಕಾರಿಗೆ ಅದು ಸರಿ, ಓಡುತ್ತಾ ಬೇರಿಂಗ್ ತಾನೇ ಬಿಸಿಯಾಗುತ್ತದೆ. ಸೈಕಲ್ ಚಕ್ರ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ ಸುಮಾರು 200 ಸುತ್ತು ಹಾಕುತ್ತದೆ, ಭಾರವೂ ಕಡಿಮೆ. ಎಷ್ಟು ದೂರ ತುಳಿದರೂ ಹಬ್ ಬೆಚ್ಚಗಾಗುವುದಿಲ್ಲ. ಹೀಗಾಗಿ ಗ್ರೀಸ್ ಎಷ್ಟು ಬಿಸಿ ತಾಳುತ್ತದೆ ಎಂಬ ಜಾಹೀರಾತಿನಿಂದ ನಮಗೆ ಏನೂ ಆಗಬೇಕಿಲ್ಲ. ನಿಮ್ಮ ಚಳಿಗೆ ನಾನು ಆರಿಸುವುದು 100ಕ್ಕಿಂತ ಕಡಿಮೆ ಸ್ನಿಗ್ಧತೆಯ ಸಿಂಥೆಟಿಕ್ ಎಣ್ಣೆಯ ಗ್ರೀಸ್. ಖನಿಜ ಎಣ್ಣೆಯಲ್ಲಿರುವ ಮೇಣ ಚಳಿಗೆ ಹರಳುಗಟ್ಟುತ್ತದೆ, ಸಿಂಥೆಟಿಕ್‌ನಲ್ಲಿ ಆ ಕಾಟವಿಲ್ಲ. ಹಬ್‌ಗೆ ತುಂಬುವ ಮುನ್ನ ಪರೀಕ್ಷಿಸುವ ದಾರಿಯೂ ಇದೆ: ಹಳೆಯ ಬೇರಿಂಗ್ ಒಂದಕ್ಕೆ ಸ್ವಲ್ಪ ಗ್ರೀಸ್ ತುಂಬಿ, ಡಬ್ಬಿಯಲ್ಲಿ ಮುಚ್ಚಿ, ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಅಲ್ಲಿ ಸುಮಾರು ಮೈನಸ್ 18 ಡಿಗ್ರಿ ಇರುತ್ತದೆ. ಬೆಳಿಗ್ಗೆ ಬೆರಳಿನಿಂದ ತಿರುಗಿಸಿ ನೋಡಿ.

ಹ್ಯಾಂಡಲ್‌ನ ಬೇರಿಂಗ್‌ಗೆ ಮಾತ್ರ ಈ ಲೆಕ್ಕ ಬೇಡ. ಅದು ಪೂರ್ತಿ ಸುತ್ತುವುದೇ ಇಲ್ಲ. ಅದರ ಶತ್ರು ನೀರು ಮತ್ತು ರಸ್ತೆಗೆ ಎರಚಿದ ಉಪ್ಪು. ಅಲ್ಲಿಗೆ ಕ್ಯಾಲ್ಸಿಯಂ ಸಲ್ಫೋನೇಟ್ ಗ್ರೀಸ್ ಧಾರಾಳವಾಗಿ ಹಾಕಿ.

ಎಣ್ಣೆ ಬೆರೆಸಿದ ಗ್ರೀಸ್ ಸಡಿಲಗೊಂಡು ಸೀಲ್ ದಾಟಿ ಸೋರುತ್ತದೆ. ಎರಡು ಬಗೆಯ ಗ್ರೀಸ್‌ಗಳನ್ನೂ ಬೆರೆಸಬೇಡಿ. ಪಾಲಿಯೂರಿಯಾ ಮತ್ತು ಲಿಥಿಯಂ ಗಟ್ಟಿಕಾರಕಗಳು ಹಲವು ಬಾರಿ ಹೊಂದುವುದಿಲ್ಲ. ಬಣ್ಣ ಒಂದೇ ಎಂದು ನಂಬಬೇಡಿ, ಅದು ಬರೀ ಬಣ್ಣ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದ ಮೇಲೆಯೇ ಹೊಸದನ್ನು ಹಾಕಿ. ಬಿಡಿ ಗುಂಡುಗಳ ಹಬ್ ಆದರೆ ಗುಂಡುಗಳನ್ನು ಎಣಿಸಿಡಿ: ಸಾಮಾನ್ಯವಾಗಿ ಹಿಂದೆ ಪ್ರತಿ ಬದಿಗೆ ಕಾಲು ಇಂಚಿನ 9, ಮುಂದೆ 3/16 ಇಂಚಿನ 10.

ಪ್ರಶ್ನೆ: ಚಳಿಯಲ್ಲಿ ಓಡಿಸಿದ ಸೈಕಲನ್ನು ಬೆಚ್ಚಗಿನ ಕೋಣೆಯಲ್ಲಿಡುವುದು ಒಳ್ಳೆಯದೇ?

ಉತ್ತರ: ಮರುದಿನದ ಹೊತ್ತಿಗೆ ಪೂರ್ತಿ ಒಣಗುವುದಾದರೆ ಒಳ್ಳೆಯದು. ತಣ್ಣಗಿನ ಲೋಹದ ಮೇಲೆ ಕೋಣೆಯ ತೇವ ಹನಿಗಟ್ಟುತ್ತದೆ. ಒಂದು ಗಂಟೆಯಲ್ಲೇ ಮತ್ತೆ ಹೊರಡುವುದಾದರೆ ಸೈಕಲನ್ನು ಹೊರಗೆ ನೆರಳುಚಪ್ಪರದಡಿಯಲ್ಲೇ ಬಿಡಿ.