ಕೆರೆ ನೀರು ಕಂದು ಹಸಿರಾಗಿದೆ, ವರ್ಷಪೂರ್ತಿ ತಿಳಿಯಾಗಿರೋಕೆ ಯಾವ ಔಷಧಿ ಎಷ್ಟು ಹಾಕ್ಬೇಕು?

ದಯವಿಟ್ಟು ಏನೂ ಹಾಕ್ಬೇಡಿ, ಈ ತಿಂಗಳಂತೂ ಬೇಡವೇ ಬೇಡ. ಚಳಿ ಮುಗಿದು ಬಿಸಿಲೇರ್ತಿದ್ದಂಗೆ ಬಣ್ಣ ತಿರುಗ್ತು ಅಂತ ಬರೆದಿದ್ದೀರಲ್ಲ, ಅದನ್ನ ಓದಿ ಎದೆ ಧಸಕ್ ಅಂತು, ಏಳು ವರ್ಷದ ಹಿಂದೆ ಇದೇ ಕಾಲದಲ್ಲಿ ನಾನೂ ಇಂಥದೇ ನೀರಿನ ದಡದಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದೆ.

ಒಂದು ಸಣ್ಣ ಕೆರೆ ನೋಡ್ಕೊಳ್ಳೋ ಜವಾಬ್ದಾರಿ ನನ್ನ ಮೇಲಿತ್ತು. ವಾರಕ್ಕೊಂದ್ಸಲ ಸೆಕ್ಕಿ ಡಿಸ್ಕ್ ಇಳಿಸಿ ನೋಡ್ತಿದ್ದೆ, ಅಂದ್ರೆ 20 ಸೆಂ.ಮೀ. ಅಗಲದ ಕಪ್ಪು ಬಿಳುಪು ತಟ್ಟೆ, ಹಗ್ಗ ಕಟ್ಟಿ ಇಳಿಸ್ತಾ ಎಷ್ಟು ಆಳಕ್ಕೆ ಕಣ್ಮರೆಯಾಗುತ್ತೆ ಅಂತ ಅಳೆಯೋದು. 1865ರಲ್ಲಿ ಆಂಜೆಲೊ ಸೆಕ್ಕಿ ಅನ್ನೋ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ, ಸಮುದ್ರದಲ್ಲಿ ಬಿಳಿ ತಟ್ಟೆ ಇಳಿಸಿ ಪರೀಕ್ಷೆ ಮಾಡಿದ್ದು, ಇವತ್ತಿಗೂ ಅದೇ ವಿಧಾನ ಬಳಕೆಯಲ್ಲಿದೆ, ಕಪ್ಪು ಬಿಳುಪು ಬಣ್ಣ ಆಮೇಲೆ ಬಂದದ್ದು. ಚಳಿಗಾಲದಲ್ಲಿ ಮೂರು ಮೀಟರ್‌ವರೆಗೂ ಕಾಣ್ತಿದ್ದ ತಟ್ಟೆ ಒಂದು ಮೀಟರ್‌ಗೇ ಮಾಯ ಆಯ್ತು. ಗಾಬರಿ ಬಿದ್ದು ಮೈಲುತುತ್ತ, ಅಂದ್ರೆ ಪಾಚಿ ಸಾಯಿಸೋ ತಾಮ್ರದ ಸಲ್ಫೇಟ್, ತರಿಸಿ ಕೆರೆ ತುಂಬ ಹಾಕಿಸ್ದೆ.

ಎಲ್ಲಿ ಎಡವಿದೆ ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಷ್ಟು ಗೊತ್ತಿದ್ದಿದ್ರೆ ಸಾಕಿತ್ತು. ಚಳಿಗಾಲ ಮುಗಿಯೋ ಹೊತ್ತಿಗೆ ಕೆರೆ ನೀರು ಮೇಲಿಂದ ತಳದವರೆಗೆ ಹೆಚ್ಚುಕಮ್ಮಿ ಒಂದೇ ತಂಪಲ್ಲಿರುತ್ತೆ, ಗಾಳಿ ಬೀಸಿದ್ರೆ ಪೂರ್ತಿ ಮಗುಚಿ ತಳದಲ್ಲಿದ್ದ ಪೋಷಕಾಂಶ ಮೇಲೆ ಬರುತ್ತೆ. ಅದರ ಜೊತೆ ಬಿಸಿಲೂ ಸಿಕ್ಕಿದ ತಕ್ಷಣ ಡಯಾಟಮ್ ಅನ್ನೋ ಪಾಚಿ, ಗಾಜಿನಂಥ ಸಿಲಿಕಾ ಚಿಪ್ಪಿರೋದು, ಒಮ್ಮೆಲೇ ಹೆಚ್ಚುತ್ತೆ, ನಿಮ್ಮ ಕಂದು ಬಣ್ಣ ಬಹುಶಃ ಅದೇ. ಅದನ್ನ ತಿನ್ನೋಕೆ ಡ್ಯಾಫ್ನಿಯಾ ಬರುತ್ತೆ, ನೀರುಚಿಗಟ ಅಂತಾರೆ, ಒಂದೆರಡು ಮಿಲಿಮೀಟರ್ ಜೀವಿ. ಆದ್ರೆ ನೀರು ಸ್ವಲ್ಪ ಬೆಚ್ಚಗಾಗದೆ ಅದರ ಸಂಖ್ಯೆ ಏರಲ್ಲ, ಹಾಗಾಗಿ ಪಾಚಿಗಿಂತ ಕೆಲವು ವಾರ ಹಿಂದೆ ಬೀಳುತ್ತೆ. ಒಮ್ಮೆ ಏರ್ತು ಅಂದ್ರೆ ಒಂದೆರಡು ದಿನದಲ್ಲಿ ಇಡೀ ಕೆರೆ ನೀರನ್ನೇ ಸೋಸೋವಷ್ಟು ಆಗಿಬಿಡುತ್ತೆ, ತಳ ಕಾಣೋಷ್ಟು ತಿಳಿಯಾಗುತ್ತೆ. ನಾನು ಮೈಲುತುತ್ತ ಹಾಕಿದ್ದು ಸರಿಯಾಗಿ ಆ ನಡುವಿನ ವಾರಗಳಲ್ಲಿ. ಪಾಚಿ ಸಾಯಿಸೋಕೆ ಬೇಕಾದ್ದಕ್ಕಿಂತ ಎಷ್ಟೋ ಕಮ್ಮಿ ತಾಮ್ರಕ್ಕೇ ಡ್ಯಾಫ್ನಿಯಾ ಸತ್ತೋಗುತ್ತೆ. ಇನ್ನು ಹದಿನೈದು ದಿನ ಸುಮ್ನಿದ್ದಿದ್ರೆ ಪುಕ್ಕಟೆಯಾಗಿ ಆಗ್ತಿದ್ದ ಕೆಲಸಾನ ನಾನೇ ಕೈಯಾರೆ ಕೆಡಿಸಿದ್ದೆ.

ಮೂರನೇ ದಿನ ನೀರು ತಿಳಿಯಾಯ್ತು, ಖುಷಿಯಾದೆ. ಸತ್ತ ಪಾಚಿ ತಳಕ್ಕೆ ಕೂತು ಕೊಳೀತಾ ಆಕ್ಸಿಜನ್ ಎಳ್ಕೊಳ್ತು, ಅದು ಅತೀ ಕಮ್ಮಿ ಇರೋದು ನಸುಕಿನ ಹೊತ್ತಲ್ಲಿ, ಒಂದಿನ ಬೆಳಗಾಗೋದ್ರಲ್ಲಿ ದಡದುದ್ದಕ್ಕೂ ಮೀನು ತೇಲ್ತಿದ್ವು. ಅದನ್ನ ನಾನು ಮರೆಯಲ್ಲ. ಆಮೇಲೆ ತಳದಲ್ಲಿ ಆಕ್ಸಿಜನ್ ಇಲ್ದಾಗ ಹೂಳಲ್ಲಿ ಕಬ್ಬಿಣದ ಜೊತೆ ಕಟ್ಕೊಂಡಿದ್ದ ರಂಜಕ, ಅಂದ್ರೆ ಪಾಚಿಗೆ ಗೊಬ್ಬರವಾಗೋ ಫಾಸ್ಫರಸ್, ಬಿಟ್ಕೊಂಡು ನೀರಿಗೆ ಸೇರ್ತು, ತಿನ್ನೋರು ಯಾರೂ ಇಲ್ಲ, ನಡುಬೇಸಿಗೆಗೆ ನೀಲಿ ಹಸಿರು ಪಾಚಿ ಬಣ್ಣ ಚೆಲ್ಲಿದಂಗೆ ಕೆನೆಗಟ್ಟಿತ್ತು. ಹಾಕಿದ ತಾಮ್ರ ಕೊಳೆಯೋ ವಸ್ತು ಅಲ್ಲ, ಹೂಳಲ್ಲೇ ಉಳಿಯುತ್ತೆ.

ವರ್ಷಪೂರ್ತಿ ತಿಳಿ ನೀರು ಬೇಕು ಅಂತೀರಲ್ಲ, ಆ ಆಸೆನೇ ತಪ್ಪು ಅಂತ ನಾನು ಹೇಳೋದು. ತಿಳಿಯಾದ ಮೇಲೂ ಮೀನಿನ ಮರಿ ಹುಟ್ಟಿ ಡ್ಯಾಫ್ನಿಯಾನ ತಿಂದು ನೀರು ಮತ್ತೆ ಮಂಕಾಗುತ್ತೆ, ಆಗ್ಬೇಕು ಕೂಡ, ಮರಿಗಳು ಇನ್ನೇನು ತಿನ್ನೋದು? ಹುಲ್ಲುಗೆಂಡೆ ಮೀನು ಬಿಡಿ ಅನ್ನೋರೂ ಸಿಗ್ತಾರೆ, ಕೇಳ್ಬೇಡಿ, ಅದು ಹೂಳು ಹಿಡಿದಿಟ್ಟಿರೋ ನೀರುಗಿಡಗಳನ್ನೇ ಬೋಳಿಸುತ್ತೆ. ಪ್ರತಿ ಬೇಸಿಗೆ ಗಟ್ಟಿ ಹಸಿರಾಗ್ತಿದ್ರೆ ಎಲ್ಲಿಂದ ರಂಜಕ ಹರಿದು ಬರ್ತಿದೆ ಅಂತ ಹುಡುಕಿ. ಕೆನಡಾದಲ್ಲಿ 1973ರಲ್ಲಿ 226ನೇ ನಂಬರಿನ ಕೆರೆಗೆ ನಡುವೆ ಪರದೆ ಕಟ್ಟಿ ಎರಡೂ ಕಡೆ ಇಂಗಾಲ, ಸಾರಜನಕ ಹಾಕಿ, ರಂಜಕ ಮಾತ್ರ ಒಂದೇ ಕಡೆ ಹಾಕಿದ್ರು, ಹಸಿರುಗಟ್ಟಿದ್ದು ಆ ಕಡೆ ಮಾತ್ರ.

ನಾಳೆ ಬೆಳಿಗ್ಗೆ ಒಂದು ಬಿಳಿ ಬಕೆಟ್‌ನಲ್ಲಿ ಕೆರೆ ನೀರು ತುಂಬ್ಕೊಂಡು ಬೆಳಕಲ್ಲಿಟ್ಟು ನೋಡಿ. ಸಣ್ಣ ಚುಕ್ಕಿಗಳು ಕುಪ್ಪಳಿಸಿದಂಗೆ ಮೇಲೆ ಕೆಳಗೆ ಹೋಗ್ತಿದ್ರೆ ಡ್ಯಾಫ್ನಿಯಾ ಬಂದಿದೆ ಅಂತ. ಕಾಣದಿದ್ರೆ ಒಂದು ವಾರ ಬಿಟ್ಟು ಮತ್ತೆ ನೋಡಿ, ಅಲ್ಲೀವರೆಗೆ ಔಷಧಿ ಡಬ್ಬಿ ಮುಚ್ಚಳ ತೆಗೀಬೇಡಿ.